ತಾಮ್ರದ ಗ್ಯಾಸ್ಕೆಟ್

ಗೋಕುಲ ರಸ್ತೆಯ ಗ್ಯಾರೇಜಿನ ಮಿಸ್ತ್ರಿ ಕಾಕಾ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಕಣ್ಣು ಮುಚ್ಚಿ ಅಂಗೈಯಿಂದ ಸವರಿ ಮಟ್ಟ ನೋಡುತ್ತಿದ್ದರು. ಯಾರು ಅವಸರ ಮಾಡಿದರೂ ಅವರದು ಒಂದೇ ಮಾತು: "ತಡೀರಿ, ಕುಂದರ್ಲಿ ಅದು."

ನಾನು ಓಡಿಸುತ್ತಿದ್ದ ಡೀಸೆಲ್ ಲಾರಿಗೆ ಮಾಲೀಕರು ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್ ಹಾಕಿಸಿದ್ದರು. ಆ ಒತ್ತಡಕ್ಕೆ ಹೆಡ್ಡಿನ ಕೆಳಗೆ ಸಂದು ಮುಚ್ಚುವ ಆಸ್‌ಬೆಸ್ಟಾಸ್ ಗ್ಯಾಸ್ಕೆಟ್ ಮೇಲಿಂದ ಮೇಲೆ ಸುಟ್ಟುಹೋಗುತ್ತಿತ್ತು.

"ಈ ಸಲ ತಾಮ್ರದ್ದು ಹಾಕೂಣ್ರಿ," ಎಂದರು ಕಾಕಾ.

"ಬಾಳಿಕಿ ಬರ್ತೈತೇನು?" ಮಾಲೀಕರು ಕೇಳಿದರು.

"ಬರ್ತೈತ್ರಿ. ಬರಲಿಲ್ಲಂದ್ರ ನಿಮ್ಮ ಗಾಡಿಗೆ ಮತ್ತ ಕೈ ಹಚ್ಚಂಗಿಲ್ಲ."

ತಾಮ್ರವನ್ನು ಕೆಂಪಗೆ ಕಾಯಿಸಿ, ನೀರಿಗದ್ದಿ ಮೆದು ಮಾಡಿ ಕೂಡಿಸಿದರು. ಇಂಜಿನ್ ಒಮ್ಮೆ ಕಾದು ಆರಿ ತಾಮ್ರ ಕುಳಿತ ಮೇಲೆ, ಸಡಿಲಾದ ನಟ್ಟುಗಳನ್ನು ಮತ್ತೆ ಬಿಗಿಯಬೇಕಿತ್ತು. ಅದನ್ನು ನನಗೆ ಒಪ್ಪಿಸಿ ಅವರು ನಮಾಜಿಗೆ ಹೋದರು. ಹತ್ತಿಯ ಲೋಡು ಕಾದಿತ್ತು. ನಾನು ಬಿಗಿಯದೆಯೇ ಹೊರಟೆ.

ಕಾರವಾರದಿಂದ ಮರಳುವಾಗ ಘಟ್ಟದಲ್ಲಿ ಗ್ಯಾಸ್ಕೆಟ್ ಸೀಳಿ ಲಾರಿ ನಿಂತಿತು.

"ತಮ್ಮಾ, ಆರಿದ ಮ್ಯಾಲೆ ಬಿಗಿದಿದ್ದಿ ಹೌದಲ್ಲೋ?" ಲಾರಿಯನ್ನು ಗ್ಯಾರೇಜಿಗೆ ಎಳೆತಂದಾಗ ಮಾಲೀಕರ ಎದುರಿಗೇ ಕಾಕಾ ಕೇಳಿದರು.

"ಹೌದ್ರಿ ಕಾಕಾ."

ಅವರು ತಮ್ಮ ಅಂಗೈ ನೋಡಿಕೊಂಡರು. "ಹಂಗಾರ ನಂದ ತಪ್ಪು ಬಿಡ್ರಿ," ಎಂದರು.

ಬಿಗಿದಿದ್ದರೆ ತಾಮ್ರ ಉಳಿಯುತ್ತಿತ್ತೇ? ಅವರು ನನ್ನನ್ನು ನಂಬಿದ್ದರೇ, ಇಲ್ಲವೇ? ಈ ಮುಪ್ಪಿನಲ್ಲೂ ನನಗೆ ಬಗೆಹರಿದಿಲ್ಲ. ಮುಂದೆ ನಮ್ಮ ಲಾರಿ ಬಂದಾಗಲೆಲ್ಲ ಕಾಕಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಬೇರೆ ಮಿಸ್ತ್ರಿ ಕೆಲಸ ಮುಗಿಸಿದ ಮೇಲೆ ನಾನು ಲಾರಿ ಹತ್ತಲು ಹೋದರೆ ಮೆಲ್ಲಗೆ ಅನ್ನುತ್ತಿದ್ದರು:

"ತಡಿ ತಮ್ಮಾ, ಕುಂದರ್ಲಿ ಅದು."