ಗದ್ದೆಯಲ್ಲಿ ತಾಳೆ, ಬಾಣಲೆಯಲ್ಲಿ ಹುಚ್ಚೆಳ್ಳು

ನಂಜನಗೂಡಿನಿಂದ ಮದುವೆಯಾಗಿ ಮೂಗೂರಿನ ಪಕ್ಕದ ಹಳ್ಳಿಗೆ ನಾನು ಬಂದಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ತವರಿನಲ್ಲಿ ಅಪ್ಪನಿಗೆ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ. ಎಣ್ಣೆ ಅಂದರೆ ನಮಗೆ ಅಂಗಡಿಯಿಂದ ಪಾಕೀಟಿನಲ್ಲಿ ಬರುವ ವಸ್ತು. ಅತ್ತೆಮನೆಯಲ್ಲಿ ಎಣ್ಣೆಗೊಂದು ಹೊಲವಿತ್ತು, ವಾಸನೆಯಿತ್ತು. ಮೇಲಿನ ಹೊಲದಲ್ಲಿ ಬೆಳೆದ ಹುಚ್ಚೆಳ್ಳನ್ನು ಅತ್ತೆ ನರಸೀಪುರಕ್ಕೆ ಕಳಿಸಿ ಗಾಣದಲ್ಲಿ ಆಡಿಸಿ ತರಿಸುತ್ತಿದ್ದರು. ಒಗ್ಗರಣೆ ಹಾಕಿದರೆ ಬೀದಿಯ ಕೊನೆಯವರೆಗೂ ಗಮಲು. ಮೊದಲ ವರ್ಷ ನನಗದು ಹಿಡಿಸಲೇ ಇಲ್ಲ.

ರೇಷನ್ ಅಂಗಡಿಯಲ್ಲಿ ಪಾಮಾಲಿನ್, ಅಂದರೆ ತಾಳೆ ಎಣ್ಣೆ, ಕೊಡುತ್ತಿದ್ದರು. ಬಿಟ್ಟರೆ ಬೇರೆಯವರ ಪಾಲಾಗುತ್ತದೆಂದು ಅತ್ತೆ ತರುತ್ತಿದ್ದರೇ ಹೊರತು ಅಡುಗೆಗೆ ಮುಟ್ಟುತ್ತಿರಲಿಲ್ಲ. ಚಳಿಗಾಲದಲ್ಲಿ ಅದು ಡಬ್ಬದೊಳಗೆ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. "ಒಟ್ಟೆ ಒಳಗೂ ಇಂಗೇ ಕೂತ್ಕತದೆ" ಎನ್ನುತ್ತ ಗಾಡಿಯ ಅಚ್ಚಿಗೆ ಸವರಲು ಕೊಡುತ್ತಿದ್ದರು. ಹೊಟ್ಟೆಯ ಬಿಸಿಗೆ ಅದು ಹಾಗೆ ಗಟ್ಟಿಯಾಗಿ ಕೂರುವುದಿಲ್ಲ ಎಂದು, ಬಿ.ಎಸ್ಸಿ. ಓದಿದವಳು ನಾನು, ಒಮ್ಮೆ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು ಡಬ್ಬವನ್ನು ಮತ್ತೆ ಅಟ್ಟಕ್ಕೇ ಇಟ್ಟರು.

ಆ ಹೊತ್ತಿಗೇ ಊರಿಗೆ ಎಣ್ಣೆ ತಾಳೆಯ ಬೆಳೆ ಬಂತು. ಬೆಳೆಯ ಬಗ್ಗೆ ಹೇಳಲು ಬಂದವರು ಶಾಲೆಯ ಜಗಲಿಯ ಮೇಲೆ ರೈತರನ್ನು ಕೂರಿಸಿಕೊಂಡು ಬಣ್ಣದ ಚಿತ್ರ ತೋರಿಸಿದರು. ನೆಟ್ಟ ಮೂರ್ನಾಲ್ಕು ವರ್ಷಕ್ಕೆ ಗೊನೆ, ಆಮೇಲೆ ವರ್ಷವೆಲ್ಲ ಫಸಲು, ನಾಟಿ ಕಳೆಗಳ ತಾಪತ್ರಯವಿಲ್ಲ. ಮಾವನ ಮಂಡಿ ಆಗಲೇ ಕೆಸರಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ನಾಲೆಯ ಕೆಳಗಿನ ಎರಡೆಕರೆ ಗದ್ದೆಗೆ ತಾಳೆ ನೆಡುವುದೆಂದು ತೀರ್ಮಾನಿಸಿ ಬಂದರು.

"ನನ್ ಬಾಣ್ಲಿಗೆ ಬ್ಯಾಡ ಅಂದ ಎಣ್ಣೇನ ತಂದು ಗದ್ದೇಲಿ ನೆಡ್ತೀರಲ್ಲ" ಅಂದರು ಅತ್ತೆ.

"ನಾವು ತಿನ್ನಕ್ಕಾ ನೆಡಾದು? ಮಾರಕ್ಕೆ ಕಣೆ" ಅಂದರು ಮಾವ.

ಗಿಡಗಳು ನೋಡನೋಡುತ್ತ ಎದ್ದವು. ಗರಿಯ ಬುಡದಲ್ಲಿ ಮುಳ್ಳು, ಕೆಳಗೆ ದಟ್ಟ ನೆರಳು. ಗದ್ದೆಯಾಗಿದ್ದಾಗ ನಾಟಿಯ ಹಿಂದೆಯೇ ಬಂದಿಳಿಯುತ್ತಿದ್ದ ಬೆಳ್ಳಕ್ಕಿಗಳು ಅತ್ತ ಸುಳಿಯುವುದನ್ನು ಬಿಟ್ಟವು. ಬದುವಿನ ಸೊಪ್ಪು ಕುಯ್ಯಲು ಬರುತ್ತಿದ್ದ ಹೆಂಗಸರಿಗೆ ಅಲ್ಲಿ ಸೊಪ್ಪೇ ಇಲ್ಲದಾಯಿತು. ಭತ್ತ ಕುಯ್ದ ಮೇಲೆ ಗದ್ದೆ ಒಣಗಿ ಮಲಗುತ್ತಿತ್ತು. ಈ ಮರಕ್ಕೆ ಬೇಸಿಗೆಯಲ್ಲೂ ನೀರು ಬೇಕು. ನಾಲೆ ನಿಲ್ಲಿಸಿದ ತಿಂಗಳುಗಳಿಗೆಂದು ಮಾವ ಬೋರು ಹಾಕಿಸಿದರು. ಎರಡು ಬೇಸಿಗೆ ಕಳೆಯುವುದರಲ್ಲಿ ಪಕ್ಕದ ಜಮೀನಿನ ದೊಡ್ಡಮಾವನ, ಅಂದರೆ ನಮ್ಮ ಮಾವನ ದಾಯಾದಿ ಅಣ್ಣನ, ತೆರೆದ ಬಾವಿಯಲ್ಲಿ ತಳದ ಬಂಡೆ ಕಾಣಿಸಿತು. ಅವರು ಜಗಳಕ್ಕೆ ಬರಲಿಲ್ಲ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು, ಕಾಫಿ ಕುಡಿದು, "ನಿನ್ ಮರಗಳು ಭಾರಿ ಕುಡೀತವಲ್ಲಪ್ಪ" ಎಂದಷ್ಟೇ ಹೇಳಿ ಎದ್ದು ಹೋದರು. ಅವತ್ತು ಮಾವ ಊಟಕ್ಕೆ ಕೂತವರು ಮುದ್ದೆ ಮುರಿದು ಹಾಗೇ ಬಿಟ್ಟರು.

ಮೊದಲ ಫಸಲು ಬಂದಾಗ ಅತ್ತೆ ಒಂದು ಗೊನೆಯನ್ನು ಮನೆಗೇ ತರಿಸಿದರು. ನಮ್ಮ ನೆಲದಲ್ಲಿ ಬೆಳೆದದ್ದರ ಎಣ್ಣೆ ಹೇಗಿದೆಯೆಂದು ನೋಡದೆ ಇರುವುದು ಅವರಿಂದಾಗಲಿಲ್ಲ. ಗಾಣದವನು ಇದನ್ನು ಹಾಕಿದರೆ ಗಾಣ ಕೆಡುತ್ತದೆ ಎಂದು ಕೈ ಅಲ್ಲಾಡಿಸಿಬಿಟ್ಟಿದ್ದ. ಅತ್ತೆಗೆ ಮನೆಯಲ್ಲೇ ಹರಳೆಣ್ಣೆ ಕಾಯಿಸಿ ಗೊತ್ತು. ಅದೇ ರೀತಿ ಮಾಡೋಣ ಅಂದರು. ಕೆಂಪು ಕಿತ್ತಳೆ ಬಣ್ಣದ ಹಣ್ಣುಗಳನ್ನು ಬಿಡಿಸಿ ಹಂಡೆಯಲ್ಲಿ ಬೇಯಿಸಿದೆವು. ಒರಳಿಗೆ ಹಾಕಿ ಇಬ್ಬರೂ ಒನಕೆ ಹಿಡಿದು ಕುಟ್ಟಿದೆವು. ನಾರನ್ನು ನೀರಿನಲ್ಲಿ ಕಿವುಚಿ, ಸೋಸಿ, ಮತ್ತೆ ಒಲೆಗಿಟ್ಟಾಗ ಮೇಲೆ ಕುಂಕುಮ ಕದಡಿದಂಥ ಎಣ್ಣೆ ತೇಲಿತು. ಅತ್ತೆ ಅದನ್ನು ಸೌಟಿನಲ್ಲಿ ತೆಗೆದು ತೆಗೆದು ಒಂದು ಬಟ್ಟಲು ತುಂಬಿಸಿದರು.

"ಅಂಗ್ಡಿ ಎಣ್ಣೆ ಇಂಗಿರಲ್ವಲ್ಲ" ಅಂದರು.

ನಿಜ. ಕ್ಯಾರೆಟ್ಟನ್ನೂ ಸಿಹಿಗುಂಬಳವನ್ನೂ ಒಟ್ಟಿಗೆ ಬೇಯಿಸಿದಂಥ ವಾಸನೆ ಅದಕ್ಕೆ. ಅದರಲ್ಲಿ ಬೋಂಡ ಕರಿದು ಕೊಟ್ಟಾಗ ನನ್ನ ಗಂಡ ಒಂದು ಕಚ್ಚಿ ತಟ್ಟೆ ಸರಿಸಿದರು. ಮಾವ ಮಾತ್ರ ಹಟ ಹಿಡಿದವರಂತೆ ಮೂರು ತಿಂದರು. ಕಾರ್ಖಾನೆಯಲ್ಲಿ ಈ ಬಣ್ಣ, ಈ ವಾಸನೆ ಎಲ್ಲ ತೆಗೆದುಹಾಕುತ್ತಾರೆ ಎಂದು ನಾನು ಹೇಳಿದೆ. "ಆಮ್ಯಾಕೆ ಅದು ಏನು ಅಂತ ಗೊತ್ತಾಗದಾದ್ರೂ ಎಂಗೆ?" ಅಂದರು ಅತ್ತೆ. ಅವತ್ತು ಅದನ್ನು ಮಾತಿಗೆ ಮಾತು ಅಂದುಕೊಂಡೆ.

ಗೊನೆ ಕುಯ್ದ ಮೇಲೆ ಇಟ್ಟುಕೊಳ್ಳುವಂತಿಲ್ಲ, ಹಣ್ಣು ಕೆಡುತ್ತದೆ. ಆಗಲೇ ನರಸೀಪುರದ ಖರೀದಿ ಕೇಂದ್ರಕ್ಕೆ ಸಾಗಿಸಬೇಕು. ಮಾವನಿಗೆ ಅದೊಂದು ಸಂಭ್ರಮದ ಓಡಾಟವಾಯಿತು. ತೂಕ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಬಳಿ ಟೀ, ಜೊತೆಗೆ ಬನ್ನೋ ಪಪ್ಸೋ, ಮನೆಗೆ ಖಾರದ ಪೊಟ್ಟಣ. ನಾನು ತವರಿಗೆ ಹೋದಾಗಲೆಲ್ಲ "ಮಗ, ಆ ಬೆಣ್ಣೆ ಬಿಸ್ಕತ್ತು ಮರೀಬ್ಯಾಡ" ಎನ್ನುತ್ತಿದ್ದರು. ನಂಜನಗೂಡಿನ ಒಂದು ಸಣ್ಣ ಬೇಕರಿಯ ಬಿಸ್ಕತ್ತು ಅದು, ಬಾಯಲ್ಲಿಟ್ಟರೆ ಕರಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ತೋಟದಲ್ಲಿ ಮಾವ ಎದೆ ಹಿಡಿದುಕೊಂಡು ಕೂತುಬಿಟ್ಟರು. ನನ್ನ ಗಂಡ ಕಾರು ಗೊತ್ತುಮಾಡಿ ಮೈಸೂರಿಗೆ ಕರೆದೊಯ್ದರು. ಜೀವಕ್ಕೇನೂ ಆಗಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರು ಅಡುಗೆಗೆ ಯಾವ ಎಣ್ಣೆ ಎಂದು ಕೇಳಿದರು.

"ನಮ್ ಒಲದ ಉಚ್ಚೆಳ್ಳೆಣ್ಣೆ ಸಾ, ಬ್ಯಾರೆ ಮುಟ್ಟದೇ ಇಲ್ಲ" ಅತ್ತೆಯ ದನಿಯಲ್ಲಿ ಹೆಮ್ಮೆಯಿತ್ತು.

"ಹೊರಗಡೆ ಏನು ತಿಂತೀರಿ ಯಜಮಾನ್ರೇ?"

ಮಾವ ಒಂದೊಂದಾಗಿ ಹೇಳಿದರು, ಕೊನೆಗೆ ಬೀಡಿಯನ್ನೂ. ಅತ್ತೆ ಅವರನ್ನೇ ನೋಡುತ್ತ ನಿಂತರು. ಡಾಕ್ಟರು ಮೊದಲು ಬೀಡಿ ಬಿಡಿಸಿದರು, ಆಮೇಲೆ ಬೇಕರಿ. ವನಸ್ಪತಿ, ಪಾಮ್ ಎಣ್ಣೆಯಂಥ ಗಟ್ಟಿ ಕೊಬ್ಬು ಹೆಚ್ಚಾದರೆ ರಕ್ತನಾಳಕ್ಕೆ ಒಳ್ಳೆಯದಲ್ಲ ಅಂದರು. "ಹಾಗಂತ ಎಲ್ಲ ತಪ್ಪನ್ನೂ ಒಂದು ಎಣ್ಣೆಯ ಮೇಲೆ ಹೊರಿಸಬೇಡಿ" ಎಂದೂ ಸೇರಿಸಿದರು.

ಮುಂದಿನ ಸಲ ತವರಿಗೆ ಹೋದಾಗ ಬೇಕರಿಯವರನ್ನು ಕೇಳಿದೆ, ಬಿಸ್ಕತ್ತಿಗೆ ಬೆಣ್ಣೆ ಎಷ್ಟು ಹಾಕುತ್ತೀರಿ ಎಂದು. ಅವರು ನಕ್ಕರು. "ಬೆಣ್ಣೆ ಹೆಸರಲ್ಲಿದೆ ಮೇಡಂ. ಹಾಕೋದೆಲ್ಲ ವನಸ್ಪತಿ, ಅದೂ ಪಾಮ್ ಎಣ್ಣೇದು. ನಿಜವಾದ ಬೆಣ್ಣೆ ಹಾಕಿದ್ರೆ ಆ ಬೆಲೆಗೆ ಯಾರು ಕೊಳ್ತಾರೆ?" ಅಲ್ಲಿಂದ ಅಂಗಡಿಗಳಲ್ಲಿ ಪಾಕೀಟು ತಿರುಗಿಸಿ ಓದುವ ಅಭ್ಯಾಸ ಹತ್ತಿತು. ಬಿಸ್ಕತ್ತು, ಚಿಪ್ಸು, ಮಕ್ಕಳ ನೂಡಲ್ಸು, ಕೊನೆಗೆ ಮೈಗೆ ಹಚ್ಚುವ ಸೋಪು. ಕೆಲವುಗಳಲ್ಲಿ ತಾಳೆಯ ಹೆಸರಿತ್ತು, ಬಹಳಷ್ಟರಲ್ಲಿ ಬರೀ 'ಖಾದ್ಯ ಸಸ್ಯಜನ್ಯ ಕೊಬ್ಬು' ಎಂದಿತ್ತು. ಬಣ್ಣವನ್ನೂ ವಾಸನೆಯನ್ನೂ ಕಳೆದುಕೊಂಡದ್ದು ಎಲ್ಲಿ ಬೇಕಾದರೂ ಸೇರಿಕೊಳ್ಳಬಲ್ಲದು. ನಮ್ಮ ಅಡುಗೆಮನೆಯ ಮುಂಬಾಗಿಲನ್ನು ಅತ್ತೆ ಅಷ್ಟು ವರ್ಷ ಕಾದಿದ್ದರು, ತಾಳೆ ಎಣ್ಣೆ ಬಿಸ್ಕತ್ತಿನ ಪೊಟ್ಟಣದಲ್ಲಿ ಆರಾಮಾಗಿ ಒಳಗೆ ಬಂದಿತ್ತು.

ಸಮುದ್ರದಾಚೆಯ ದ್ವೀಪಗಳಲ್ಲಿ ಈ ಬೆಳೆಗಾಗಿ ಕಾಡಿಗೆ ಬೆಂಕಿ ಹಾಕುತ್ತಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಚೇತರಿಸಿಕೊಳ್ಳುತ್ತಿದ್ದ ಮಾವನಿಗೆ ಓದಿ ಹೇಳಿದೆ. ನಾವು ಕಾಡು ಕಡಿದಿಲ್ಲವಲ್ಲ ಅಂದರು ಮಾವ. ಒಂದೆಕರೆಯಲ್ಲಿ ಇಷ್ಟು ಎಣ್ಣೆ ಕೊಡುವ ಬೆಳೆ ಇನ್ನೊಂದಿಲ್ಲ, ಊರಿಗೆಲ್ಲ ಹುಚ್ಚೆಳ್ಳೆಣ್ಣೆ ಬೇಕೆಂದರೆ ಎಲ್ಲಿಂದ ತರುತ್ತೀರಿ ಅಂದರು ನನ್ನ ಗಂಡ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. "ಕಾಡು ಕಡೀನಿಲ್ಲ, ಸರಿ. ಬಾವಿ?" ಅಂದರು.

ಬೇಸಿಗೆ ಶುರುವಾಗುವ ಮೊದಲು ಮಾವ ಜೆಸಿಬಿ ಕರೆಸಿ, ದೊಡ್ಡಮಾವನ ಬಾವಿಯ ಕಡೆಗಿದ್ದ ಅರ್ಧ ತೋಟವನ್ನು ಕೀಳಿಸಿದರು. ಕಿತ್ತ ಕಡೆ ನೆಲವೆಲ್ಲ ಬೇರಿನ ಚಾಪೆ. ಅದು ಕರಗಿ ಮಣ್ಣು ಹದವಾಗಲು ಒಂದು ವರ್ಷ ಹಿಡಿಯಿತು. ಆಮೇಲೆ ಅಲ್ಲಿ ರಾಗಿ, ಸಾಲಿನ ನಡುವೆ ಅವರೆ ಹಾಕಿದೆವು. ಬಾವಿಗೂ ನೀರು ಬಂತು. ಆ ವರ್ಷ ಮಳೆಯೂ ಚೆನ್ನಾಗಿತ್ತು, ಹಾಗಾಗಿ ಯಾವುದರಿಂದ ಬಂತೆಂದು ಹೇಳುವುದು ಕಷ್ಟ.

ಅವರೆಯ ಮೊದಲ ಕೊಯ್ಲಿನಲ್ಲಿ ಒಂದು ಪುಟ್ಟಿ ತುಂಬಿ, ದೊಡ್ಡಮಾವನ ಮನೆಗೆ ಕೊಟ್ಟು ಬಾ ಎಂದು ಅತ್ತೆ ನನ್ನನ್ನು ಕಳಿಸಿದರು. ಅವರು ಒಂದು ಕಾಯಿ ಸುಲಿದು ಮೂಸಿ ನೋಡಿ, ಸೊಗಡಿದೆ ಅಂದರು.

"ಉಳ್ದರ್ಧ ಯಾವಾಗ ಕೀಳಿಸ್ತಾನಂತವ್ವ?"

"ಗೊತ್ತಿಲ್ಲ ದೊಡ್ಡಮಾವ. ಫಸಲು ಚೆನ್ನಾಗಿ ಬರ್ತಿದೆ."

"ಬತ್ತದೆ, ಬತ್ತದೆ. ಕಾಯಿ ಬುಡೋ ಮರ ಕೀಳ್ಸು ಅಂತ ನಾನೂ ಯೋಳಕ್ಕಿಲ್ಲ ಕಣವ್ವ" ಅಂದು ಪುಟ್ಟಿಯನ್ನು ಒಳಗೆ ಕೊಂಡೊಯ್ದರು.