ಓನರ್ ಆಂಟಿಯ ಸಾಕ್ಷಿ

ನಮ್ಮ ಓನರ್ ಆಂಟಿಯ ಎರಡೂ ಮೊಣಕಾಲಿಗೆ ಕಂದು ಬಣ್ಣದ ನೀ-ಕ್ಯಾಪ್ ಇರುತ್ತಿತ್ತು. ಬೆಳಗ್ಗೆ ನೈಟಿ ಎತ್ತಿ ಸಿಕ್ಕಿಸಿಕೊಂಡು ಗೇಟಿನ ಮುಂದೆ ನೀರು ಹಾಕುವಾಗ ತಿಲಕ್ ನಗರದ ಆ ಬೀದಿಗೆಲ್ಲ ಅದರ ದರ್ಶನ. ಪ್ರಾರ್ಥನೆಗೆಂದು ಮಂಡಿಯೂರಬೇಡಿ ಎಂದು ಡಾಕ್ಟರು ಗದರಿಸಿದ್ದರಂತೆ. "ಕುರ್ಚಿ ಮೇಲೆ ಕೂತ್ಕೊಂಡು ಕೇಳಿದ್ರೆ ದೇವ್ರಿಗೆ ಆರ್ಡರ್ ಮಾಡ್ದಂಗಿರಲ್ವಾ, ಹೇಳು?" ಎಂದು ನನ್ನನ್ನೇ ಕೇಳುತ್ತಿದ್ದರು. ಮಹಡಿಯ ಮೇಲೆ ಅಮ್ಮನ ಜೊತೆ ಬಾಡಿಗೆಗಿದ್ದ ನಾನು ಹಬ್ಬಕ್ಕೆ ಮಾತ್ರ ದೇವರ ದೀಪ ಹಚ್ಚುವವಳು. ಈ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಅಂಥ ಬೆಲೆಯೇನೂ ಇರಲಿಲ್ಲ.

ಅವರು ಕೇಳುತ್ತಿದ್ದುದು ಒಂದೇ. ಸ್ಟ್ರೋಕ್ ಆದಮೇಲೆ ಅಂಕಲ್‌ಗೆ ಮಾತು ನಿಂತುಹೋಗಿತ್ತು. ಕೈಕಾಲು ತಕ್ಕಮಟ್ಟಿಗೆ ಆಡುತ್ತಿದ್ದವು, ಕಿಟಕಿ ಪಕ್ಕ ಕೂತು ಬೀದಿ ನೋಡುತ್ತಿದ್ದರು, ಬಾಯಿಂದ 'ಆ... ಆ...' ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಆಂಟಿ ದಿನವಿಡೀ ಅವರ ಜೊತೆ ತಾವೊಬ್ಬರೇ ಮಾತಾಡುತ್ತಿದ್ದರು. "ಸಾರಿಗೆ ಉಪ್ಪು ಹಾಕಿಲ್ಲ ಅಂತ ಒಂದ್ಸಲ ಬೈದ್ಬಿಡ್ಲಿ, ಅಷ್ಟು ಸಾಕು ನಂಗೆ" ಎನ್ನುತ್ತಿದ್ದರು.

ಶುಕ್ರವಾರ ಸಂಜೆ ಅವರ ಹಾಲ್‌ನಲ್ಲಿ ಪ್ರಾರ್ಥನಾ ಕೂಟ. ಚರ್ಚಿನವರು ಹತ್ತಾರು ಜನ ಸೇರುತ್ತಿದ್ದರು. ನಾನು ಮೇಲಿನಿಂದ ಪ್ಲಾಸ್ಟಿಕ್ ಕುರ್ಚಿ ಇಳಿಸಿಕೊಟ್ಟು, ಟೀ ಆಸೆಗೆ ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಪದ್ಧತಿ. ಬೇಡಿದ್ದು ಸಿಕ್ಕವರು ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ಒಬ್ಬರ ಮಗಳಿಗೆ ಕೆಲಸ ಸಿಕ್ಕಿತು, ಇನ್ನೊಬ್ಬರ ಟ್ರಾನ್ಸ್‌ಫರ್ ಕ್ಯಾನ್ಸಲ್ ಆಯಿತು. ಎಲ್ಲದಕ್ಕೂ ಜೋರಾಗಿ ಆಮೆನ್. ಆಮೇಲೆ ಆಂಟಿ ಗೋಡೆ ಹಿಡಿದು ಏಳುತ್ತಿದ್ದರು. "ಇವ್ರಿಗೆ ಮಾತು ಬರ್ಲಿ ಅಂತ ಕೇಳ್ತಾನೇ ಇದೀನಿ. ಬಂದಿಲ್ಲ. ಕರ್ತನಿಗೆ ಸ್ತೋತ್ರ" ಎಂದು ಹೇಳಿ ಕೂತುಬಿಡುತ್ತಿದ್ದರು. ಆಮೆನ್ ಅನ್ನಬೇಕೋ ಬೇಡವೋ ತಿಳಿಯದೆ ಎಲ್ಲರೂ ಪಾಸ್ಟರ್ ಮುಖ ನೋಡುವರು. ಪಾಪ, ಆ ಪಾಸ್ಟರ್ ಬೈಬಲಿನ ಪುಟ ತಿರುವುವರು.

ಒಮ್ಮೆ ಟೀ ಹೊತ್ತಿಗೆ ಕೂಟದ ಹಿರಿಯ ಹೆಂಗಸೊಬ್ಬರು ಬುದ್ಧಿ ಹೇಳಿದರು. "ಮಾತು ಬಂದಾಯ್ತು ಅಂತ್ಲೇ ಸ್ತೋತ್ರ ಮಾಡಿ ಸಿಸ್ಟರ್. ಹಂಗೆ ವಿಶ್ವಾಸದಿಂದ ಹೇಳಿದ್ರೆ ಆಗುತ್ತೆ."

ಆಂಟಿ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು. "ಬಂದಿಲ್ವಲ್ಲ ಸಿಸ್ಟರ್. ಅಲ್ಲೇ ಕೂತಿದಾರೆ, ನೋಡಿ. ದೇವ್ರಿಗೇ ಸುಳ್ಳು ಹೇಳ್ಲಾ?"

ಆ ಹೆಂಗಸು ಮುಖ ಊದಿಸಿಕೊಂಡು ಕೆಲವು ವಾರ ಇತ್ತ ಸುಳಿಯಲಿಲ್ಲ.

ಅಂಕಲ್ ಹೋಗಿಬಿಟ್ಟರು, ಒಂದು ಮಾತೂ ಆಡದೆ. ಸಮಾಧಿಯೆಲ್ಲ ಮುಗಿದು ಕೆಲವು ದಿನವಾದ ಮೇಲೆ ಕೆಳಗೆ ಹೋದೆ. ಆಂಟಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಸಿಟ್ಟು ತಡೆಯದೆ ಕೇಳಿಯೇಬಿಟ್ಟೆ. "ಇಷ್ಟು ಕೇಳಿದ್ರಲ್ಲ ಆಂಟಿ, ಏನು ಕೊಟ್ಟ ನಿಮ್ಮ ದೇವ್ರು?"

"ಕೊಡ್ಲಿಲ್ಲ ಕಣೇ" ಎಂದರು. ಕೈ ನಿಲ್ಲಲಿಲ್ಲ. "ನಂಗೂ ಸಿಟ್ಟಿದೆ. ಬೆಳಗ್ಗೆ ಎದ್ದು ಅವನ ಹತ್ರಾನೇ ಜಗಳ ಆಡ್ತೀನಿ, ಅಳ್ತೀನಿ. ಆದ್ರೆ ಕೈಬಿಟ್ಟ ಅಂತ ಮಾತ್ರ ಅನ್ಸಲ್ಲ. ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ."

ನನಗೆ ಅದು ಅರ್ಥವಾಗಲಿಲ್ಲ. ಕಾಳು ಹಿಸುಕಲು ನಾನೂ ಕೂತೆ.

ಮರುವರ್ಷ ಅಮ್ಮನನ್ನು ಜಯನಗರದ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಬೇಕಾಯಿತು. ನೋಡಲು ಬಂದವರೆಲ್ಲ "ಏನೂ ಆಗಲ್ಲ, ಧೈರ್ಯವಾಗಿರು" ಎಂದು ಹೇಳಿ ಲಿಫ್ಟ್ ಹತ್ತಿದರು. ಆಂಟಿ ಆಟೋದಲ್ಲಿ ಬಂದು ನನ್ನ ಪಕ್ಕ ಕೂತರು.

"ಅಮ್ಮ ಉಳ್ಕೋತಾರಾ ಆಂಟಿ?"

"ಗೊತ್ತಿಲ್ಲಮ್ಮ. ಕೇಳ್ತಾ ಇದೀನಿ."

ಊಟಕ್ಕೂ ಅವರು ಏಳಲಿಲ್ಲ. ಸಂಜೆ ನರ್ಸ್ ಹೊರಗೆ ಬಂದು ಅಮ್ಮ ಹೋದರೆಂದು ಹೇಳಿದಾಗ ನನ್ನ ಬಾಯಿಂದ ಬಂದದ್ದು, "ಆಂಟಿ, ಪ್ರಾರ್ಥನೆ ಮಾಡಿ." ಇನ್ನು ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ಅಳುತ್ತಲೇ, ಶುರು ಮಾಡಿದರು.