ಆರನೇ ವಾರದ ಕಷಾಯ

ಬಸವನಗುಡಿಯ ರಂಗನಾಯಕಿ ಮೂವತ್ತು ವರ್ಷ ಹೈಸ್ಕೂಲ್ ಟೀಚರ್ ಆಗಿದ್ದವರು. ಪರೀಕ್ಷೆಯ ಕೋಣೆಯಲ್ಲಿ ಎಂಥ ಕಾಪಿ ಚೀಟಿಯೂ ಅವರ ಕಣ್ಣು ತಪ್ಪಿಸಿದ್ದಿಲ್ಲ. ನಿವೃತ್ತರಾದ ಮೇಲೆ ಹಿಡಿಯಲು ಮಕ್ಕಳಿಲ್ಲದೆ ಮನೆಯವರನ್ನೇ ಹಿಡಿಯತೊಡಗಿದರು. ಹಾಲಿನ ನೀರು, ಅವರೆಕಾಯಿಯ ತೂಕ, ಸೊಸೆಯ ತಲೆನೋವು, ಯಾವುದನ್ನೂ ಸುಮ್ಮನೆ ನಂಬಿದವರಲ್ಲ.

ಮೊಮ್ಮಗಳು ಹುಟ್ಟಿದ ನಾಲ್ಕನೇ ದಿನ ಹಸಿರಾಗಿ ವಾಂತಿ ಮಾಡಿಕೊಂಡು ಆಪರೇಷನ್ ಥಿಯೇಟರ್ ಸೇರಿದಾಗ ಅವರ ಅನುಮಾನ ನೇರವಾಗಿ ಸೊಸೆ ಸುಪ್ರಜಾಳ ಮೇಲೆ ಬಿತ್ತು.

"ಬಸುರೀಲಿ ವಿ.ವಿ. ಪುರಂ ತಿಂಡಿ ಬೀದೀಗೆ ಹೋಗಿ ಏನೇನ್ ತಿಂದೆ, ನಿಜ ಹೇಳು" ಎಂದು ಆಸ್ಪತ್ರೆಯ ಬೆಂಚಿನ ಮೇಲೇ ಕೇಳಿಬಿಟ್ಟರು. ಸುಪ್ರಜಾ ಥಿಯೇಟರಿನ ಬಾಗಿಲ ಕಡೆ ಮುಖ ತಿರುಗಿಸಿದಳು. ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಎರಡು ಗಂಟೆ ಕಳೆದ ಮೇಲೆ ಹೊರಬಂದ ಸರ್ಜನ್ ಪ್ರಭುದೇವ, "ಮಗು ಚೆನ್ನಾಗಿದೆ" ಎಂದರು. ಆಮೇಲೆ ಸ್ಟೆತಸ್ಕೋಪಿನ ಕೊಳವೆಯನ್ನೇ ಸುತ್ತಿ ತೋರಿಸಿದರು. "ತಾಯಿ ಹೊಟ್ಟೇಲಿ ಆರನೇ ವಾರಕ್ಕೆ ಕರುಳು ಉದ್ದ ಬೆಳೆದು, ಒಳಗೆ ಜಾಗ ಸಾಲದೆ ಹೊಕ್ಕುಳಬಳ್ಳಿಯೊಳಗೆ ಹೋಗುತ್ತೆ. ಹತ್ತನೇ ವಾರಕ್ಕೆ ತಿರುಗಿಕೊಂಡು ವಾಪಸ್ ಬಂದು ತನ್ನ ಜಾಗದಲ್ಲಿ ಕೂರ್ಬೇಕು. ಇವಳದು ಪೂರ್ತಿ ತಿರುಗಿರಲಿಲ್ಲ. ಅದಕ್ಕೇ ಈಗ ತಿರುಚಿಕೊಳ್ತು. ಸರಿಮಾಡಿದೀವಿ. ಇದು ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲವೆಂದರೆ ನಂಬುವ ಜಾಯಮಾನವೇ ರಂಗನಾಯಕಿಯದು? ಬೆರಳು ಮಡಚಿ ಲೆಕ್ಕ ಹಾಕಿದರು. ಆ ವಾರಗಳೆಂದರೆ ಶ್ರಾವಣ. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಬಾಯಿಬಿಡಬಾರದೆಂದು ಸೊಸೆ ಅತ್ತೆಗೂ ಹೇಳಿರಲಿಲ್ಲ. ಅವಳ ಬೆಳಗಿನ ಓಕರಿಕೆಯನ್ನು ಅಡುಗೆಮನೆ ತಪ್ಪಿಸಿಕೊಳ್ಳುವ ನಾಟಕವೆಂದು ಶಂಕಿಸಿ, ದಿನವೂ ಲೋಟದ ತುಂಬ ಮೆಣಸಿನ ಕಷಾಯ ಕುದಿಸಿ ಕೊಟ್ಟವರು ತಾವೇ. ಅಷ್ಟೊಂದು ಚೀಟಿ ಹಿಡಿದವರಿಗೆ ಇದೊಂದು ಕಂಡಿರಲಿಲ್ಲ.

ಡಾಕ್ಟರಿಗೆ ಅಡ್ಡ ನಿಂತು ಕೇಳಿದರು. "ಡಾಕ್ಟ್ರೇ, ಆಗ ಮೆಣಸಿನ ಕಷಾಯ ಕುಡಿದಿದ್ರೆ ಹೀಗಾಗತ್ತಾ?"

"ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ಡಾಕ್ಟರು ಹೊರಟರು.

ಸಮಾಧಾನಕ್ಕೆ ಹೇಳಿದರೆಂದೇ ಅವರ ಗುಮಾನಿ. ಊರನ್ನೆಲ್ಲ ಅನುಮಾನಿಸಿದವರಿಗೆ ತಮ್ಮ ಮೇಲೆ ಬಂದ ಅನುಮಾನವನ್ನು ಹೊರುವುದು ಗೊತ್ತಿರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅತ್ತರು.

"ಅತ್ತೆ, ಬೈಬೇಡಿ" ಎಂದಳು ಸುಪ್ರಜಾ ಮೆಲ್ಲಗೆ. "ಆ ಕಷಾಯ ನಾನು ಒಂದ್ ದಿನಾನೂ ಕುಡಿದಿಲ್ಲ. ದಾಸವಾಳದ ಕುಂಡಕ್ಕೆ ಸುರೀತಿದ್ದೆ."

ಆ ಗಿಡ ಒಣಗಿತೆಂದು ಪಕ್ಕದ ಮನೆಯ ಸುಬ್ಬಮ್ಮನ ಮೇಲೆ ಗುಮಾನಿಪಟ್ಟು ರಂಗನಾಯಕಿ ಆರು ತಿಂಗಳಿಂದ ಮಾತು ಬಿಟ್ಟಿದ್ದರು.

"ಒಂದ್ ಗುಟುಕೂ ಕುಡೀಲಿಲ್ವಾ?"

"ಇಲ್ಲ ಅತ್ತೆ."

ತಮ್ಮ ಕಣ್ಣು ತಪ್ಪಿಸಿದವಳನ್ನು ಅವರು ಗಟ್ಟಿಯಾಗಿ ತಬ್ಬಿಕೊಂಡರು.